ಸುಟ್ಟ ಸುರುಳಿಗಳು, ಉಳಿದ ಒಂದು ರಾತ್ರಿ

ಮುಳ್ಳನ್ನು ಒರೆಸಿದ್ದಾಯಿತು, ಚಿಟಿಚಿಟಿ ಸದ್ದು ಹೋಗಲಿಲ್ಲ. ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ಸುತ್ತಲೂ ಒರೆಸಿದ್ದಾಯಿತು, ಆಗಲೂ ಹೋಗಲಿಲ್ಲ. ರೆಕಾರ್ಡನ್ನು ತಂದುಕೊಟ್ಟ ಮಿತ್ರರು ನಮ್ಮ ಕಾಲೇಜಿನಲ್ಲಿಯೇ ಭೌತಶಾಸ್ತ್ರದ ಅಧ್ಯಾಪಕರು. ಅವರ ಸೋದರಮಾವ ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ ಹಿಂದಿರುಗುವಾಗ ಪೆಟ್ಟಿಗೆಯ ತಳದಲ್ಲಿಟ್ಟು ತಂದ ರೆಕಾರ್ಡು ಅದು. ಮೂಲೆಯ ಬೆತ್ತದ ಕುರ್ಚಿಯಲ್ಲಿ ಕುಳಿತು ನನ್ನ ಅವಸ್ಥೆಯನ್ನು ನೋಡುತ್ತ ನಗುತ್ತಿದ್ದ ಅವರು, “ಸ್ವಾಮಿ, ಒರೆಸಿದ್ದು ಸಾಕು. ತಟ್ಟೆಯ ನಡುವೆ ಅಂಟಿಸಿರುವ ಚೀಟಿಯನ್ನು ಮೊದಲು ಓದಿ” ಎಂದರು.

ಓದಿದೆ. ಅಚ್ಚಿನ ಅಕ್ಷರವಲ್ಲ, ಯಾರೋ ಅವಸರದಲ್ಲಿ ಗೀಚಿದ ಕೈಬರಹ. ಚಿಟಿಗುಟ್ಟುವ ಸದ್ದು ಇರಬೇಕಾದದ್ದೇ, ಅದನ್ನು ತಿದ್ದಕೂಡದು ಎಂಬುದು ಅದರ ತಾತ್ಪರ್ಯ. ರೆಕಾರ್ಡು ತಯಾರಿಸುವ ತಂತ್ರಜ್ಞರಿಗೆ ಕೊಟ್ಟ ಅಪ್ಪಣೆಯನ್ನು ಕೊಳ್ಳುವವನ ಕಣ್ಣಿಗೂ ಬೀಳುವಂತೆ ಹಾಗೆಯೇ ಉಳಿಸಿದ್ದರು. ತನ್ನ ಸರಕಿನಲ್ಲಿ ದೋಷವುಂಟೆಂದು ಸರಕಿನ ಮೇಲೆಯೇ ಬರೆದು ಮಾರಿದ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇದರ ಹಿಂದೆ ಏನೋ ಒಂದು ಕಥೆ ಇರಲೇಬೇಕೆಂದು ತೋರಿತು. ಇತ್ತು, ಕಥೆಯ ನಡುವೆ ಒಂದು ಬೆಂಕಿಯೂ ಇತ್ತು.

ರೆಕಾರ್ಡಿನ ಹೆಸರು ‘ಲೈವ್ ಅಟ್ ಲೀಡ್ಸ್’. ಉತ್ತರ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ 1970ರ ಫೆಬ್ರವರಿ 14ರ ಶನಿವಾರ ರಾತ್ರಿ ನಡೆದ ಕಚೇರಿಯ ಧ್ವನಿಮುದ್ರಣ. ನಡೆಸಿದವರು ‘ದಿ ಹೂ’ ಎಂಬ ತಂಡದವರು. ನಮ್ಮ ಕಿವಿಗೆ ಮಲ್ಲಿಗೆಯನ್ನೋ ಸಂಪಿಗೆಯನ್ನೋ ನೆನಪಿಗೆ ತರುವ ಹೆಸರಾದರೂ ಅದರ ಅರ್ಥ ‘ಯಾರು?’ ಎಂದು. ಇವರ ಸಂಗೀತದಲ್ಲಿ ಹೂವಿನ ಗುಣವನ್ನು ಅರಸಹೊರಟವರು ನಿರಾಶರಾಗುವುದು ನಿಶ್ಚಯ. ಗಿಟಾರಿಗೆ ಪೀಟ್ ಟೌನ್‌ಶೆಂಡ್, ಹಾಡುಗಾರಿಕೆಗೆ ರೋಜರ್ ಡಾಲ್ಟ್ರಿ, ಬಾಸ್ ಗಿಟಾರಿಗೆ ಜಾನ್ ಎಂಟ್ವಿಸಲ್, ಡ್ರಮ್ಮಿಗೆ ಕೀತ್ ಮೂನ್. ಆ ರಾತ್ರಿ ಈ ನಾಲ್ವರಲ್ಲಿ ಒಬ್ಬನಿಗೂ ಇಪ್ಪತ್ತಾರು ವರ್ಷ ತುಂಬಿರಲಿಲ್ಲ.

ಇವರು ನುಡಿಸುತ್ತಿದ್ದುದು ಏನೆಂಬುದನ್ನು ತಿಳಿಯಬೇಕಾದರೆ ಅಮೆರಿಕೆಯ ದಕ್ಷಿಣದ ಹತ್ತಿಯ ಹೊಲಗಳವರೆಗೆ ಹೋಗಿಬರಬೇಕಾಗುತ್ತದೆ. ಅಲ್ಲಿನ ನೀಗ್ರೋ ಕೂಲಿಕಾರರ ಬಾಳಿನಿಂದ ಹುಟ್ಟಿದ ಹಾಡು ‘ಬ್ಲೂಸ್’. ಹನ್ನೆರಡು ಆವರ್ತಗಳ ಒಂದು ಚೌಕಟ್ಟು. ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುವ ಪದ್ಧತಿ. ನಮ್ಮ ಸಂಗೀತದ ಪರಿಚಯವುಳ್ಳವರಿಗೆ ಇದರ ಮರ್ಮವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬ್ಲೂಸ್ ಹಾಡುವವನ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ಎರಡರ ನಡುವೆ ಎಲ್ಲಿಯೋ ಜಾರುತ್ತ, ನರಳುತ್ತ ನಿಲ್ಲುತ್ತದೆ. ಪಿಯಾನೋದ ಮನೆಗಳಲ್ಲಿ ಆ ಸ್ವರಕ್ಕೆ ಜಾಗವಿಲ್ಲ. ನಮ್ಮ ಗಮಕಕ್ಕೂ ಅಲ್ಲಿ ಜಾಗವಿಲ್ಲವೆಂಬುದನ್ನು ನೆನೆದರೆ, ಎಲ್ಲಿಯ ಮಿಸಿಸಿಪಿ, ಎಲ್ಲಿಯ ಮೈಸೂರು ಎನ್ನುವಂತಿಲ್ಲ.

ಹೊಲಗಳನ್ನು ಬಿಟ್ಟು ಷಿಕಾಗೋ ಮೊದಲಾದ ನಗರಗಳ ಕಾರ್ಖಾನೆಗಳಿಗೆ ಬಂದ ಜನರೊಂದಿಗೆ ಬ್ಲೂಸ್ ಕೂಡ ನಗರಕ್ಕೆ ಬಂದಿತು. ಅಲ್ಲಿನ ಗದ್ದಲದಲ್ಲಿ ಹಾಡು ಕೇಳಿಸಬೇಕಲ್ಲ, ಗಿಟಾರಿಗೆ ವಿದ್ಯುತ್ತು ಸೇರಿತು. ಕುಣಿಯುವುದಕ್ಕೆಂದು ತಾಳ ಬಿಗಿಯಾಯಿತು. ಕರಿಯರ ಈ ರೆಕಾರ್ಡುಗಳನ್ನು ಅಮೆರಿಕದ ವ್ಯಾಪಾರಿಗಳು ‘ಜನಾಂಗದ ರೆಕಾರ್ಡು’ಗಳೆಂದು ಬೇರೆ ಪಂಕ್ತಿಯಲ್ಲಿಟ್ಟು ಮಾರುತ್ತಿದ್ದರು. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ಆ ಹೆಸರನ್ನು ಕೈಬಿಟ್ಟು ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ತಂದಿತು. ಹೆಸರು ಬದಲಾಯಿತು, ಪಂಕ್ತಿ ಮಾತ್ರ ಬೇರೆಯಾಗಿಯೇ ಉಳಿಯಿತು. ಈ ಪಂಕ್ತಿಭೇದದ ಅರಿವಿಲ್ಲದ ಇಂಗ್ಲೆಂಡಿನ ಹುಡುಗರು ಮಾತ್ರ, ಕಡಲಾಚೆಯಿಂದ ಬಂದ ಆ ತಟ್ಟೆಗಳನ್ನು ಸವೆಯುವವರೆಗೂ ತಿರುಗಿಸಿ ತಿರುಗಿಸಿ ಕೇಳಿದರು. 1958ರಲ್ಲಿ ಮಡ್ಡಿ ವಾಟರ್ಸ್ ತನ್ನ ವಿದ್ಯುತ್ ಗಿಟಾರಿನೊಡನೆ ಇಂಗ್ಲೆಂಡಿಗೆ ಬಂದಾಗ ಕೆಲವು ಮಡಿವಂತ ರಸಿಕರು ಅದರ ಅಬ್ಬರಕ್ಕೆ ಬೆಚ್ಚಿದರಂತೆ, ಎಳೆಯರು ಬೆಚ್ಚಲಿಲ್ಲ.

ಹಾಗೆ ಬೆಳೆದ ಎಳೆಯರಲ್ಲಿ ನಮ್ಮ ನಾಲ್ವರೂ ಸೇರಿದವರು. ಡಾಲ್ಟ್ರಿ ತಗಡಿನ ಕೆಲಸದ ಕಾರ್ಖಾನೆಯಲ್ಲಿದ್ದವನು. ಎಂಟ್ವಿಸಲ್ ತೆರಿಗೆ ಕಚೇರಿಯ ಗುಮಾಸ್ತ. ಟೌನ್‌ಶೆಂಡ್ ಚಿತ್ರಕಲಾ ಶಾಲೆಯ ವಿದ್ಯಾರ್ಥಿ. ತಂಡಕ್ಕೆ ಮೊದಲು ಬೇರೆ ಹೆಸರಿದ್ದಾಗ ಒಮ್ಮೆ ಜಾನಿ ಕಿಡ್ ಎಂಬ ಗಾಯಕನ ಕಚೇರಿಗೆ ಮುನ್ನ ಇವರ ಪಾಳಿ ಬಂದಿತ್ತು. ಒಬ್ಬ ಹಾಡುವವ, ಒಂದು ಗಿಟಾರು, ಒಂದು ಬಾಸ್, ಒಂದು ಡ್ರಮ್ಮು; ಇಷ್ಟೇ ಸಾಮಗ್ರಿಯಿಂದ ಜಾನಿ ಕಿಡ್ಡನ ತಂಡ ಸಭೆಯನ್ನೆಲ್ಲ ತುಂಬಿದ್ದನ್ನು ಕಂಡು ಡಾಲ್ಟ್ರಿ ತನ್ನ ಗಿಟಾರನ್ನು ಕೆಳಗಿಟ್ಟು ಬರಿಯ ಗಾಯಕನಾದನು. ಗಿಟಾರಿನ ಭಾರವೆಲ್ಲ ಟೌನ್‌ಶೆಂಡನ ಮೇಲೆ ಬಿದ್ದಿತು. ಒಬ್ಬನೇ ಇಬ್ಬರ ಕೆಲಸವನ್ನು ಮಾಡಬೇಕಾದ್ದರಿಂದ ಅವನ ಬಾಜಾನೆಯಲ್ಲಿ ಸ್ವರಸಂಚಾರಕ್ಕಿಂತ ಒಟ್ಟು ಸ್ವರಗಳ ಹೊಡೆತವೇ ಮುಖ್ಯವಾಯಿತು. ತೆರವಾದ ಜಾಗದಲ್ಲಿ ಎಂಟ್ವಿಸಲನ ಬಾಸ್ ತಾನೇ ವೀಣೆಯಂತೆ ಓಡಾಡತೊಡಗಿತು. 1964ರ ನವೆಂಬರಿನಿಂದ ಲಂಡನ್ನಿನ ಮಾರ್ಕ್ವೀ ಕ್ಲಬ್ಬಿನಲ್ಲಿ ಮಂಗಳವಾರದ ರಾತ್ರಿಗಳು ಇವರ ಪಾಲಿಗೆ ಬಂದುವು. ಕಪ್ಪು ಬಿಳುಪಿನ ಅದರ ಭಿತ್ತಿಪತ್ರದ ಮೇಲೆ ‘ಗರಿಷ್ಠ ರಿದಮ್ ಅಂಡ್ ಬ್ಲೂಸ್’ ಎಂಬರ್ಥದ ಘೋಷಣೆ. ಜಾಹೀರಾತಿನ ಮಾತಾದರೂ ಅದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಅದೇ ವರ್ಷ ಹ್ಯಾರೋ ಎಂಬ ಊರಿನಲ್ಲಿ ತಗ್ಗು ಮಾಳಿಗೆಯ ಕೋಣೆಯೊಂದರಲ್ಲಿ ನುಡಿಸುತ್ತಿದ್ದಾಗ ಟೌನ್‌ಶೆಂಡನ ಗಿಟಾರಿನ ತಲೆ ಮೇಲಿನ ಚಾವಣಿಗೆ ತಗುಲಿ ಮುರಿಯಿತು. ನೆರೆದವರು ನಕ್ಕರು. ಆತ ರೋಷದಿಂದ ಉಳಿದರ್ಧವನ್ನೂ ಪುಡಿಮಾಡಿದನು. ಮುಂದೆ ಅದೊಂದು ಪದ್ಧತಿಯೇ ಆಗಿ, ವಾದ್ಯ ಒಡೆಯುವುದನ್ನು ನೋಡಲೆಂದೇ ಜನ ಬರತೊಡಗಿದರು. ವೀಣೆಗೆ ಆಯುಧಪೂಜೆಯ ದಿನ ಕುಂಕುಮವಿಡುವ ನಾಡಿನವನಾದ ನನಗೆ ಇದು ಇಂದಿಗೂ ಒಪ್ಪಿಗೆಯಾಗಿಲ್ಲ. ಇರಲಿ.

1969ರ ಮೇ ತಿಂಗಳಿನಲ್ಲಿ ಇವರ ‘ಟಾಮಿ’ ಹೊರಬಂದಿತು. ಕಣ್ಣು, ಕಿವಿ, ಮಾತು ಮೂರೂ ಇಲ್ಲದ ಬಾಲಕನೊಬ್ಬನ ಕಥೆಯನ್ನು ಎರಡು ತಟ್ಟೆಗಳ ತುಂಬ ಹಾಡಿನಲ್ಲಿ ಹೇಳುವ ಕೃತಿ ಅದು. ಇದರ ಹಿಂದೆ ನಮ್ಮ ದೇಶದ ನೆರಳೊಂದು ಬಿದ್ದಿರುವುದನ್ನು ವಾಚಕರು ಗಮನಿಸಬೇಕು. ಟೌನ್‌ಶೆಂಡ್ ಆ ವೇಳೆಗೆ ಅಹಮದನಗರದ ಬಳಿಯ ಮೆಹೆರಾಬಾದಿನ ಸಂತ ಮೆಹೆರ್ ಬಾಬಾ ಅವರ ಅನುಯಾಯಿಯಾಗಿದ್ದನು. 1925ರಲ್ಲಿ ಮೌನ ಹಿಡಿದ ಬಾಬಾ 1969ರ ಜನವರಿಯಲ್ಲಿ ದೇಹ ಬಿಡುವವರೆಗೂ ಅದನ್ನು ಮುರಿಯಲಿಲ್ಲ. ಶಿಷ್ಯನ ತಂಡವಾದರೋ 1976ರಲ್ಲಿ ಜಗತ್ತಿನ ಅತ್ಯಂತ ಗದ್ದಲದ ತಂಡವೆಂದು ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿತು. ಆ ಗದ್ದಲದಿಂದ ಟೌನ್‌ಶೆಂಡ್ ತನ್ನ ಕಿವಿಯನ್ನೂ ಬಹುಮಟ್ಟಿಗೆ ಕಳೆದುಕೊಂಡನು. ಮೌನಿಯಾದ ಗುರುವಿಗೆ ಇಂಥ ಶಿಷ್ಯ ದೊರೆತದ್ದು ಯಾವ ಋಣಾನುಬಂಧವೋ!

‘ಟಾಮಿ’ಯಿಂದ ಕೀರ್ತಿ ಬಂದಿತು, ಹಣವೂ ಬಂದಿತು. ಆದರೆ ಸ್ಟುಡಿಯೋದಲ್ಲಿ ನಯವಾಗಿ ಹೆಣೆದ ಆ ಕೃತಿಯನ್ನು ಕೇಳಿದವರಿಗೆ ವೇದಿಕೆಯ ಮೇಲಿನ ‘ಹೂ’ ತಂಡದ ರಭಸದ ಕಲ್ಪನೆಯೂ ಬರುವಂತಿರಲಿಲ್ಲ. ಆದ್ದರಿಂದ ಮುಂದಿನ ರೆಕಾರ್ಡು ಕಚೇರಿಯದೇ ಆಗಬೇಕೆಂದು ನಿಶ್ಚಯವಾಯಿತು. 1969ರ ಅಮೆರಿಕ ಪ್ರವಾಸದ ಕಚೇರಿಗಳನ್ನು ತಂಡದ ಧ್ವನಿನಿರ್ವಾಹಕನಾದ ಬಾಬ್ ಪ್ರಿಡನ್ ಟೇಪಿಗೆ ಹಿಡಿದನು. ಊರೂರು ಸುತ್ತಿ ಮನೆಗೆ ಮರಳಿದ ಟೌನ್‌ಶೆಂಡ್ ಅವನನ್ನು ಕರೆದು, ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದನಂತೆ. ಎಲ್ಲವೂ ಚೆನ್ನಾಗಿವೆ ಎಂದು ಪ್ರಿಡನ್ನನ ಉತ್ತರ! ರಾಶಿ ಬಿದ್ದ ಅಷ್ಟೂ ಸುರುಳಿಗಳನ್ನು ಕುಳಿತು ಕೇಳುವ ತಾಳ್ಮೆಯಾಗಲಿ ಬಿಡುವಾಗಲಿ ಟೌನ್‌ಶೆಂಡನಿಗೆ ಇರಲಿಲ್ಲ. ಹಾಗೆಯೇ ಬಿಟ್ಟರೆ ಕಳ್ಳ ರೆಕಾರ್ಡಿನವರ ಕೈಸೇರೀತೆಂಬ ಭಯ ಬೇರೆ. ಎಲ್ಲವನ್ನೂ ಸುಟ್ಟುಬಿಡು ಎಂದನು. ಪ್ರಿಡನ್ ಸುಟ್ಟನು.

ಈ ಪ್ರಸಂಗವನ್ನು ತಿಳಿದಾಗ ನಾನು ಆ ಸಂಜೆ ಮತ್ತೇನನ್ನೂ ಓದಲಾರದೆ ಹೋದೆ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವವನಿಗೆ ಕಳೆದುಹೋದ ಕೃತಿಗಳ ವಿಷಯ ಹೊಸದಲ್ಲ. ಗುಣವರ್ಮನ ‘ಶೂದ್ರಕ’ ಹೆಸರಾಗಿ ಉಳಿದಿದೆ, ಪೊನ್ನನ ‘ಭುವನೈಕ ರಾಮಾಭ್ಯುದಯ’ ಹೆಸರಾಗಿ ಉಳಿದಿದೆ. ಗ್ರಂಥ ಎರಡೂ ಇಲ್ಲ. ಆದರೆ ಅವು ಗೆದ್ದಲಿಗೋ ಮಳೆಗೋ ಉದಾಸೀನಕ್ಕೋ ತುತ್ತಾದಂಥವು; ಕವಿ ತಾನೇ ಕಡ್ಡಿ ಗೀರಿದ್ದಲ್ಲ. ನಾನು ಮಾಡಿದ ಅತ್ಯಂತ ಮೂರ್ಖ ಕೆಲಸಗಳಲ್ಲಿ ಇದೊಂದು ಎಂಬರ್ಥದ ಮಾತನ್ನು ಟೌನ್‌ಶೆಂಡ್ ಮುಂದೆ ಆಡಿದ್ದಾನೆ. ಒಪ್ಪತಕ್ಕ ಮಾತೇ. ಆದರೂ ಅವನ ಪರವಾಗಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ನಲವತ್ತು ರಾತ್ರಿಗಳು ಕೈಯಲ್ಲಿದ್ದರೆ ನಾವು ಏನು ಮಾಡುತ್ತೇವೆ? ಒಂದರಿಂದ ಹಾಡನ್ನೂ, ಇನ್ನೊಂದರಿಂದ ಕೊನೆಯ ಮುಕ್ತಾಯವನ್ನೂ, ಮತ್ತೊಂದರಿಂದ ಕರತಾಡನವನ್ನೂ ಆಯ್ದು ಜೋಡಿಸಿ, ಎಲ್ಲಿಯೂ ಯಾವಾಗಲೂ ನಡೆಯದ ಒಂದು ಕಚೇರಿಯನ್ನು ತಯಾರಿಸುತ್ತೇವೆ. ಸುರುಳಿಗಳು ಬೂದಿಯಾದ ಮೇಲೆ ಆ ಹಾದಿ ಮುಚ್ಚಿತು.

ಇನ್ನು ಉಳಿದದ್ದು ಒಂದೇ ದಾರಿ. ಪೈ ಕಂಪನಿಯ ಸಂಚಾರಿ ಧ್ವನಿಮುದ್ರಣ ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಿ, ಒಂದರ ಹಿಂದೆ ಒಂದು ಎರಡು ರಾತ್ರಿ ಎರಡು ಊರುಗಳಲ್ಲಿ ನುಡಿಸುವುದು: ಶನಿವಾರ ಲೀಡ್ಸ್, ಭಾನುವಾರ ಹಲ್ ನಗರದ ಪುರಭವನ. ಇಲ್ಲಿ ಒದಗಿದರೆ ಒದಗಿತು, ಇಲ್ಲವಾದರೆ ಇಲ್ಲ. ತಂಡದವರಿಗೆ ಹಲ್ ನಗರದ ಕಚೇರಿಯೇ ಹೆಚ್ಚು ಮೆಚ್ಚಿಗೆಯಾಯಿತು. ಆದರೆ ಟೇಪನ್ನು ಹಾಕಿ ನೋಡಿದಾಗ, ಅಲ್ಲಿನ ಮೊದಲ ಕೆಲವು ಹಾಡುಗಳಿಗೆ ಎಂಟ್ವಿಸಲನ ಬಾಸೇ ಮುದ್ರಣವಾಗಿರಲಿಲ್ಲ. ಬಾಸ್ ಇಲ್ಲದ ‘ಹೂ’ ತಂಡವೆಂದರೆ ಮೃದಂಗವಿಲ್ಲದ ಪಲ್ಲವಿ. ಹೀಗೆ ಲೀಡ್ಸ್ ಚರಿತ್ರೆಯನ್ನು ಸೇರಿತು. ಹಲ್ ಬೀರುವಿನಲ್ಲಿ ಉಳಿಯಿತು.

ಲೀಡ್ಸಿನದಾದರೂ ನಿರ್ದೋಷವಾಗಿತ್ತೇ? ಅದೂ ಇಲ್ಲ. ತಂತಿಗಳ ನಡುವೆ ಎಲ್ಲಿಯೋ ಸೇರಿಕೊಂಡ ದೋಷದಿಂದ ಟೇಪಿನ ಉದ್ದಕ್ಕೂ ಚಿಟಿಚಿಟಿ. ಹಿಮ್ಮೇಳದ ದನಿಗಳು ಸರಿಯಾಗಿ ಬಿದ್ದಿರಲಿಲ್ಲವಾಗಿ ಟೌನ್‌ಶೆಂಡ್ ಮತ್ತು ಎಂಟ್ವಿಸಲ್ ಸ್ಟುಡಿಯೋದಲ್ಲಿ ಅವನ್ನು ಮತ್ತೆ ಹಾಡಿ ಸೇರಿಸಿದರು. ಆದ್ದರಿಂದ ರೆಕಾರ್ಡಿನಲ್ಲಿರುವುದೆಲ್ಲ ಆ ರಾತ್ರಿಯದೇ ಎಂದು ಆಣೆಯಿಟ್ಟು ಹೇಳುವಂತಿಲ್ಲ. ಮುದ್ರಿಸಿದವರು ಸಭೆಯ ಸದ್ದು ಆದಷ್ಟು ಕಡಮೆ ಬರುವಂತೆ ಮೈಕುಗಳನ್ನು ನಿಲ್ಲಿಸಿದ್ದರಿಂದ, ಕಿಕ್ಕಿರಿದು ನೆರೆದಿದ್ದ ವಿದ್ಯಾರ್ಥಿಗಳ ಉತ್ಸಾಹ ದೂರದ ಕೆರೆಯ ಕೋಡಿಯಂತೆ ಕೇಳಿಸುತ್ತದೆ. ಇಷ್ಟೆಲ್ಲ ಕೊರತೆಗಳನ್ನು ಕಟ್ಟಿಕೊಂಡು, ಎರಡು ಗಂಟೆಗೂ ಮೀರಿದ ಕಚೇರಿಯಿಂದ ಆರೇ ಹಾಡುಗಳನ್ನು ಆರಿಸಿ, 1970ರ ಮೇ ತಿಂಗಳಿನಲ್ಲಿ ರೆಕಾರ್ಡನ್ನು ಹೊರಡಿಸಿದರು. ಜನ ಮುಗಿಬಿದ್ದು ಕೊಂಡರು. ಇಂಗ್ಲೆಂಡಿನ ಪಟ್ಟಿಯಲ್ಲಿ ಮೂರನೆಯ, ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು.

ಆ ಆರರಲ್ಲಿ ಮೂರು ಇವರ ಸ್ವಂತದ್ದಲ್ಲ. ‘ಸಮ್ಮರ್‌ಟೈಮ್ ಬ್ಲೂಸ್’ ಅಮೆರಿಕದ ಎಡ್ಡಿ ಕಾಕ್ರನ್ 1958ರಲ್ಲಿ ಹಾಡಿದ್ದು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆತ ಇಂಗ್ಲೆಂಡಿನ ರಸ್ತೆಯ ಅಪಘಾತವೊಂದರಲ್ಲಿ ತೀರಿಕೊಂಡನು. ‘ಷೇಕಿನ್ ಆಲ್ ಓವರ್’ 1960ರದು. ಹಾಡಿದವನು ಡಾಲ್ಟ್ರಿಯ ಕೈಯಿಂದ ಗಿಟಾರನ್ನು ಕೆಳಗಿಡಿಸಿದ ಅದೇ ಜಾನಿ ಕಿಡ್. ಅವನೂ 1966ರಲ್ಲಿ ಕಾರು ಅಪಘಾತದಲ್ಲಿಯೇ ಹೋದನು. ಈ ಹಿನ್ನೆಲೆಯನ್ನು ತಿಳಿದು ಕೇಳಿದರೆ ಆ ಅಬ್ಬರದೊಳಗೆ ಗುರುಸ್ಮರಣೆಯ ಒಂದು ಎಳೆಯೂ ಕೇಳಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲನೆಯ ಹಾಡಾದ ‘ಯಂಗ್ ಮ್ಯಾನ್ ಬ್ಲೂಸ್’. ಮೋಸ್ ಆಲಿಸನ್ ಎಂಬ ಮಿಸಿಸಿಪಿಯ ಬಿಳಿಯ ಪಿಯಾನೋಗಾರ 1957ರಲ್ಲಿ ಇದನ್ನು ಮುದ್ರಿಸಿದಾಗ ಅದು ಎರಡು ನಿಮಿಷವೂ ಇರಲಿಲ್ಲ. ಹಳೆಯ ಕಾಲದಲ್ಲಿ ತರುಣನಿಗಿದ್ದ ಬೆಲೆ ಈಗಿಲ್ಲವೆಂಬ ಗೊಣಗಾಟವನ್ನು ಅವನು ಜಗುಲಿಯ ಮೇಲೆ ಕುಳಿತು ತನ್ನಷ್ಟಕ್ಕೆ ಹೇಳಿಕೊಂಡಂತೆ ಹಾಡಿದ್ದಾನೆ. ಲೀಡ್ಸಿನಲ್ಲಿ ಅದು ಐದು ನಿಮಿಷದಷ್ಟಾಗಿದೆ. ಡಾಲ್ಟ್ರಿ ಒಂದು ಸಾಲನ್ನು ಒಬ್ಬನೇ, ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡಿ ನಿಲ್ಲಿಸುತ್ತಾನೆ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಮೂವರೂ ಒಟ್ಟಿಗೆ ಎರಗುತ್ತಾರೆ. ಎರಗಿ, ಕತ್ತರಿಸಿದಂತೆ ನಿಲ್ಲುತ್ತಾರೆ. ಮತ್ತೆ ಒಂಟಿ ದನಿ. ಮತ್ತೆ ಸಿಡಿಲು. ತಾಳ ಹಾಕುವವನ ಸನ್ನೆಯೂ ಇಲ್ಲದೆ ಈ ಮೂವರು ಒಂದೇ ಬಿಂದುವಿನಲ್ಲಿ ಹೇಗೆ ಬಂದು ಬೀಳುತ್ತಾರೆಂಬುದು ನನ್ನ ಲಯಜ್ಞಾನಕ್ಕೆ ಎಟುಕಲಿಲ್ಲ. ಬ್ಲೂಸಿನ ಹಳೆಯ ಪ್ರಶ್ನೋತ್ತರ ಪದ್ಧತಿಯೇ ಇದು; ಆದರೆ ಇಲ್ಲಿ ಪ್ರಶ್ನೆ ಮನುಷ್ಯನದು, ಉತ್ತರ ಮಾತ್ರ ಮೋಡದ್ದು. ಕೀತ್ ಮೂನನ ಡ್ರಮ್ಮು ಕಾಲವನ್ನು ಎಣಿಸುವುದೇ ಇಲ್ಲ. ಅದು ಹಾಡುವವನ ಸಂಗಡ ಜಗಳವಾಡುತ್ತದೆ, ಮುಂದೆ ಓಡುತ್ತದೆ, ಇನ್ನೇನು ಬಿದ್ದಿತೆನ್ನುವಾಗ ಸಮಕ್ಕೆ ಬಂದು ಕೂರುತ್ತದೆ. ಎಂಟ್ವಿಸಲ್ ಒಬ್ಬನೇ ತಳವನ್ನು ಭದ್ರವಾಗಿ ಹಿಡಿದಿರುವನೆಂದು ಭಾವಿಸಿದರೆ, ಕಿವಿಗೊಟ್ಟು ಕೇಳಿ, ಅವನ ಬೆರಳುಗಳೂ ಅಷ್ಟೇ ಅವಸರದಲ್ಲಿವೆ.

ಎರಡನೆಯ ಮಗ್ಗುಲಿನ ‘ಮೈ ಜನರೇಷನ್’ ಸುಮಾರು ಹದಿನೈದು ನಿಮಿಷ. ಮೂಲದಲ್ಲಿ ಮೂರು ನಿಮಿಷದ ಹಾಡು. ಅದರ ನಡುವೆ ‘ಟಾಮಿ’ಯ ತುಣುಕುಗಳು, ಆ ಹೊತ್ತಿಗೆ ಕೈಗೆ ಬಂದ ಗಿಟಾರಿನ ಪಲುಕುಗಳು, ಹೆಸರೇ ಇಲ್ಲದ ಕಲ್ಪನೆಗಳು. ಎಲ್ಲವೂ ಉತ್ತಮವೆನ್ನಲಾರೆ, ಹತ್ತನೆಯ ನಿಮಿಷದ ಸುಮಾರಿಗೆ ನನ್ನ ಗಮನ ಕಿಟಕಿಯಾಚೆಯ ಹೊಂಗೆಮರದ ಕಡೆಗೆ ಹೋದದ್ದುಂಟು. ಕೊನೆಯ ‘ಮ್ಯಾಜಿಕ್ ಬಸ್’ ನಗೆಯ ಹಾಡು.

ತಟ್ಟೆಯ ಹೊದಿಕೆಯದೇ ಒಂದು ವಿಶೇಷ. ಆ ಕಾಲಕ್ಕೆ ಕಳ್ಳ ರೆಕಾರ್ಡುಗಳ ಹಾವಳಿ ಆರಂಭವಾಗಿತ್ತು. ಅವು ಬೋಳು ರಟ್ಟಿನೊಳಗೆ, ರಬ್ಬರು ಮೊಹರು ಒತ್ತಿಸಿಕೊಂಡು ಬರುತ್ತಿದ್ದುವು. ‘ಹೂ’ ತಂಡದವರು ತಮ್ಮ ಅಧಿಕೃತ ರೆಕಾರ್ಡಿಗೇ ಆ ವೇಷವನ್ನು ತೊಡಿಸಿದರು: ಬೋಳು ಕಂದು ರಟ್ಟು, ಮೇಲೆ ವಾರೆಯಾಗಿ ಒಂದು ಮೊಹರು. ಚಿತ್ರವಿಲ್ಲ, ಮುಖವಿಲ್ಲ. ಒಳಗೆ ಕೈಹಾಕಿದರೆ ಹಳೆಯ ಕಾಗದಪತ್ರಗಳ ಒಂದು ಕಟ್ಟು, ಎಲ್ಲವೂ ಮೂಲದಂತೆಯೇ ಅಚ್ಚಾದ ಪ್ರತಿಗಳು. ಅವುಗಳಲ್ಲಿ ಮಾರ್ಕ್ವೀ ಕ್ಲಬ್ಬಿನ ಆ ಭಿತ್ತಿಪತ್ರವಿದೆ. ವುಡ್‌ಸ್ಟಾಕ್ ಉತ್ಸವದ ಕರಾರುಪತ್ರವಿದೆ. 1964ರಲ್ಲಿ ಇಎಂಐ ಕಂಪನಿಯವರು ಇವರನ್ನು ಬೇಡವೆಂದು ಬರೆದ ಕಾಗದವೂ ಇದೆ! ಮಿತ್ರರ ಸೋದರಮಾವ ಇವುಗಳನ್ನು ಒಂದೂ ಕಳೆಯದಂತೆ ಕಾಪಾಡಿದ್ದಾರೆ. ತಿರಸ್ಕಾರದ ಪತ್ರವನ್ನು ಬೆಳಕಿಗೆ ಹಿಡಿದು ಓದುವಾಗ, ಪತ್ರಿಕೆಗಳಿಂದ ಮರಳಿ ಬಂದ ನನ್ನ ಕವಿತೆಗಳ ಲಕೋಟೆಗಳ ನೆನಪಾಗಿ ಸ್ವಲ್ಪ ಸಮಾಧಾನವಾಯಿತು.

ಕಾಲ ಸರಿಯಿತು. ಕೀತ್ ಮೂನ್ 1978ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ತಟ್ಟೆಗಳ ಕಾಲ ಹೋಗಿ ಗಣಕಯಂತ್ರದ ಕಾಲ ಬಂದಿತು. 1995ರಲ್ಲಿ ಲೀಡ್ಸಿನ ಕಚೇರಿಯನ್ನು ಮತ್ತೆ ಹೊರಡಿಸಿದಾಗ ಆರು ಹಾಡುಗಳ ಜಾಗದಲ್ಲಿ ಹದಿನಾಲ್ಕು ಬಂದುವು; ಚಿಟಿಚಿಟಿ ಸದ್ದನ್ನು ಯಂತ್ರದ ನೆರವಿನಿಂದ ತೊಳೆದರು; ಚಿಟಿಗುಟ್ಟುವಿಕೆಯನ್ನು ತಿದ್ದಲಾಗಿದೆ ಎಂದು, ಹಳೆಯ ಅಪ್ಪಣೆಯನ್ನು ತಿರುವುಮುರುವಾಗಿಸಿ ತಟ್ಟೆಯ ಮೇಲೆ ಬರೆದರು. 2001ರಲ್ಲಿ ‘ಟಾಮಿ’ಯೂ ಸೇರಿ ಎರಡು ತಟ್ಟೆಗಳಾದುವು. ಕಚೇರಿಯ ನಡುಭಾಗದಲ್ಲಿ ಹಾಡಿದ ‘ಟಾಮಿ’ಯನ್ನು ಕಿತ್ತು ಎರಡನೆಯ ತಟ್ಟೆಗೆ ಒಯ್ದರು, ಅನುಕೂಲಕ್ಕಾಗಿ ಮಾಡಿದ್ದಾದರೂ ಆ ರಾತ್ರಿಯ ಏರಿಳಿತ ಇದರಿಂದ ಕೆಟ್ಟಿತೆಂದೇ ನನ್ನ ಅಭಿಪ್ರಾಯ.

ಹಲ್ ನಗರದ ಸರದಿ 2010ರಲ್ಲಿ ಬಂದಿತು. ನಲವತ್ತು ವರ್ಷ ಬೀರುವಿನಲ್ಲಿದ್ದ ಆ ಟೇಪಿಗೆ ಬಾಸ್ ಎಲ್ಲಿಂದ ತರುವುದು? ಎಂಟ್ವಿಸಲ್ ಆ ವೇಳೆಗಾಗಲೇ ಇಲ್ಲ. 2002ರ ಜೂನ್ ತಿಂಗಳಿನಲ್ಲಿ ತೀರಿಕೊಂಡಿದ್ದನು. ಹಿಂದಿನ ರಾತ್ರಿ ಲೀಡ್ಸಿನಲ್ಲಿ ಆತ ಅವೇ ಹಾಡುಗಳಿಗೆ ನುಡಿಸಿದ್ದನ್ನು ಎತ್ತಿ, ಭಾನುವಾರದ ಹಾಡುಗಳ ಕೆಳಗೆ ಕೂರಿಸಿದರು. ಕೂರಿಸಿದರು ಎಂದು ಸುಲಭವಾಗಿ ಬರೆದುಬಿಟ್ಟೆ. ಯಾವ ಎರಡು ರಾತ್ರಿಯೂ ಒಂದೇ ಕಾಲಪ್ರಮಾಣದಲ್ಲಿ ನುಡಿಸದ ತಂಡ ಇದು. ಮಿತ್ರರು ಈ ಕೆಲಸವನ್ನು ಬಾಯ್ತುಂಬ ಹೊಗಳುತ್ತಾರೆ. ಕಿವಿಗೆ ಹಿತವಾಗಿರುವುದು ನಿಜ, ಕೂಡುಗೆರೆ ಎಲ್ಲಿಯೂ ಕಾಣದು. ಆದರೂ ಭಾನುವಾರ ಸಂಜೆ ಹಲ್ ಪುರಭವನದಲ್ಲಿದ್ದವರು ಕೇಳಿದ್ದು ಈ ಬಾಸನ್ನಲ್ಲ ಎಂಬುದನ್ನು ಮನಸ್ಸು ಮರೆಯಲೊಲ್ಲದು. ಚಿಟಿಚಿಟಿಯ ವಿಷಯದಲ್ಲಿಯೂ ಹಾಗೆಯೇ. ತೊಳೆದ ಪ್ರತಿಯನ್ನು ಮಿತ್ರರು ನನಗೆ ಕೇಳಿಸಿದರು. ದನಿ ಸ್ವಚ್ಛವಾಗಿದೆ, ಗಿಟಾರಿನ ತಂತಿ ತಂತಿಯೂ ಕೇಳಿಸುತ್ತದೆ. ಕೇಳಿ ಮುಗಿಸಿದ ಮೇಲೆ ನಾನು ಹಳೆಯ ತಟ್ಟೆಯನ್ನೇ ಮತ್ತೆ ಹಾಕೆಂದೆ. ಅದು ನಿಮ್ಮ ಹಳಗನ್ನಡದ ಚಪಲ ಎಂದು ಅವರು ಹಾಸ್ಯಮಾಡಿದರು. ಇರಬಹುದು. ಒಂದು ಪಾಠಾಂತರವನ್ನು ಶುದ್ಧಪಾಠವೆಂದು ಒಪ್ಪುವ ಮುನ್ನ ಓಲೆಯ ಗರಿ ಎಲ್ಲಿ ಹರಿದಿದೆಯೆಂದು ನೋಡುವುದು ನಮ್ಮ ವೃತ್ತಿಯ ಅಭ್ಯಾಸ.

2006ರ ಜೂನ್ 17ರಂದು ಟೌನ್‌ಶೆಂಡ್ ಮತ್ತು ಡಾಲ್ಟ್ರಿ ಅದೇ ಭೋಜನಶಾಲೆಗೆ ಮರಳಿ ಬಂದು ನುಡಿಸಿದರು. ಇಬ್ಬರಿಗೂ ಅರವತ್ತು ದಾಟಿತ್ತು. ಉಳಿದಿಬ್ಬರ ಜಾಗದಲ್ಲಿ ಬೇರೆಯವರಿದ್ದರು. ಅಲ್ಲಿನ ಗೋಡೆಗೆ ಆ ವರ್ಷ ನೀಲಿಯ ಸ್ಮಾರಕ ಫಲಕವೊಂದನ್ನು ಹಾಕಿದರು.

ರೆಕಾರ್ಡನ್ನು ಕಳೆದ ಭಾನುವಾರ ಹಿಂದಿರುಗಿಸಿದೆ. ಕೊಡುವ ಮುನ್ನ ಕಾಗದಗಳನ್ನು ಎಣಿಸಿ ಒಳಗಿಟ್ಟೆ. ಮಿತ್ರರ ಮನೆಯಲ್ಲಿ ಅವರ ಹತ್ತು ವರ್ಷದ ಮಗಳು ತಟ್ಟೆಯನ್ನು ಹಾಕಿ ಎರಡು ನಿಮಿಷ ಕೇಳಿ, “ಅಪ್ಪಾ, ಇದರಲ್ಲಿ ಏನೋ ಹುರೀತಾ ಇದಾರೆ!” ಎಂದು ಕೂಗಿದಳು. ತಂದೆ ನನ್ನ ಮುಖ ನೋಡಿದರು. ಚೀಟಿಯನ್ನು ಓದಮ್ಮ ಎಂದು ನಾನೇ ಹೇಳಿದೆ.